ಕ್ಯಾನ್ಸರ್ ಜೀನ್ ಮತ್ತು ಕುಲಾಂತರಿ ಇಲಿ: ಯಾವ ಪ್ರಶ್ನೆಗೆ ಇಲಿಯ ಉತ್ತರ ನಂಬಬಹುದು?

2025ರ ಏಪ್ರಿಲ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಂದು ಘೋಷಣೆ ಮಾಡಿತು. ಮಾನೋಕ್ಲೋನಲ್ ಆ್ಯಂಟಿಬಾಡಿಯಂಥ (ಲ್ಯಾಬ್‌ನಲ್ಲಿ ತಯಾರಿಸಿದ ಪ್ರತಿಕಾಯ) ಔಷಧಗಳಿಗೆ ಪ್ರಾಣಿಗಳ ಮೇಲಿನ ಪರೀಕ್ಷೆಯನ್ನು ಹಂತ ಹಂತವಾಗಿ ಕಡಿಮೆ ಮಾಡುತ್ತೇವೆ, ಆ ಜಾಗಕ್ಕೆ ಕಂಪ್ಯೂಟರ್ ಮಾದರಿಗಳನ್ನೂ ಮನುಷ್ಯರ ಜೀವಕೋಶದಿಂದ ಬೆಳೆಸಿದ ಅಂಗಾಂಶಗಳನ್ನೂ ತರುತ್ತೇವೆ ಎಂದಿತು. ಭಾರತ ಅದಕ್ಕೂ ಮೊದಲೇ, 2023ರ ಮಾರ್ಚ್‌ನಲ್ಲಿ, ಹೊಸ ಔಷಧಗಳ ನಿಯಮಕ್ಕೆ ತಿದ್ದುಪಡಿ ತಂದು ಪ್ರಾಣಿಗಳನ್ನು ಬಳಸದ ಪರೀಕ್ಷೆಗಳಿಗೂ ಮಾನ್ಯತೆ ಕೊಟ್ಟಿತ್ತು. ಇದಾದ ಮೇಲೆ ಒಂದು ಮಾತು ಜೋರಾಗಿ ಕೇಳಿಬರುತ್ತಿದೆ: ಇಲಿಗಳ ಮೇಲೆ ಕ್ಯಾನ್ಸರ್ ಸಂಶೋಧನೆ ಮಾಡುವುದೇ ದಂಡ, ಇಲಿಗೆ ಆದದ್ದು ಮನುಷ್ಯರಿಗೆ ಆಗುವುದಿಲ್ಲ.

ಇನ್ನೊಂದು ಕಡೆ ವಾಟ್ಸಾಪ್‌ನಲ್ಲಿ ವರ್ಷಕ್ಕೆ ನಾಲ್ಕೈದು ಸಲ ಇದಕ್ಕೆ ತದ್ವಿರುದ್ಧವಾದ ಸುದ್ದಿ ಸುತ್ತುತ್ತದೆ. 'ಕ್ಯಾನ್ಸರ್‌ಗೆ ಔಷಧ ಸಿಕ್ಕಿತು, ಗಡ್ಡೆ ಪೂರ್ತಿ ಮಾಯ' ಅಂತ. ಕೆಳಗೆ ಎಲ್ಲೋ ಸಣ್ಣ ಅಕ್ಷರದಲ್ಲಿ 'ಇಲಿಗಳಲ್ಲಿ' ಎಂದಿರುತ್ತದೆ. ಮನೆಯಲ್ಲಿ ಕ್ಯಾನ್ಸರ್ ರೋಗಿ ಇರುವವರು ಅದನ್ನು ಓದಿ ಡಾಕ್ಟರ ಹತ್ತಿರ ಓಡುತ್ತಾರೆ. ಆ ಓಟ ಎಷ್ಟು ಆಸೆಯದ್ದು, ವಾಪಸ್ ಬರುವಾಗ ಎಷ್ಟು ನೋವಾಗುತ್ತದೆ ಅನ್ನೋದು ಅನುಭವಿಸಿದವರಿಗೆ ಗೊತ್ತು.

ಈ ಎರಡೂ ಮಾತುಗಳಲ್ಲಿ ಒಂದೇ ತಪ್ಪಿದೆ ಅಂತ ನನಗನಿಸುತ್ತದೆ. ಇಬ್ಬರೂ ಇಲಿಯನ್ನು ಚಿಕ್ಕ ಮನುಷ್ಯ ಎಂದು ಭಾವಿಸಿದ್ದಾರೆ. ಒಬ್ಬರಿಗೆ ಅದು ಕೆಟ್ಟ ನಕಲು, ಇನ್ನೊಬ್ಬರಿಗೆ ಒಳ್ಳೆಯ ನಕಲು. ಆದರೆ ಜೀನ್ ತಿದ್ದಿದ ಇಲಿಯನ್ನು ಹುಟ್ಟಿಸಿದ್ದು ನಕಲಿಗಾಗಿ ಅಲ್ಲ. ಒಂದು ನಿರ್ದಿಷ್ಟ ಪ್ರಶ್ನೆ ಕೇಳುವುದಕ್ಕೆ: ಈ ಜೀನ್ ಕೆಟ್ಟರೆ, ಬೇರೆಲ್ಲ ಸರಿಯಿದ್ದಾಗ, ಏನಾಗುತ್ತದೆ? ಆ ಪ್ರಶ್ನೆಗೆ ಇಲಿ ಕೊಟ್ಟ ಉತ್ತರಗಳು ನಲವತ್ತು ವರ್ಷಗಳಲ್ಲಿ ಕ್ಯಾನ್ಸರ್ ಬಗೆಗಿನ ನಮ್ಮ ತಿಳಿವಳಿಕೆಯನ್ನು ಬುಡದಿಂದ ಬದಲಿಸಿವೆ. 'ಈ ಔಷಧ ನನ್ನ ಅಮ್ಮನಿಗೆ ಕೆಲಸ ಮಾಡುತ್ತಾ?' ಎಂಬ ಪ್ರಶ್ನೆಗೆ ಮಾತ್ರ ಅದರ ಉತ್ತರ ಹಲವು ಸಲ ಸುಳ್ಳಾಗಿದೆ.

ಮೊದಲು, ಇಲಿ ಬೇಕಾಗಿದ್ದಾದರೂ ಯಾಕೆ ಅಂತ ನೋಡೋಣ. ನಮ್ಮ ದೇಶದ್ದೇ ಉದಾಹರಣೆ ಇದೆ. ಹೊಗೆಸೊಪ್ಪು ಜಗಿಯುವವರಲ್ಲಿ ಕೆನ್ನೆಯ ಒಳಭಾಗ ಮತ್ತು ಒಸಡಿನ ನಡುವೆ ಬರುವ ಕ್ಯಾನ್ಸರ್ ಇಲ್ಲಿ ಬಹಳ ಸಾಮಾನ್ಯ. ಕಡ್ಡಿಪುಡಿ, ಗುಟ್ಕಾ ಇಟ್ಟುಕೊಳ್ಳುವ ಜಾಗವೇ ಅದು. ಈ ಗಡ್ಡೆಗಳ ಡಿಎನ್‌ಎ ಓದುವ ಕೆಲಸವನ್ನು ನವಿ ಮುಂಬೈನ ಆಕ್ಟ್ರೆಕ್ ಎಂಬ ಕ್ಯಾನ್ಸರ್ ಸಂಶೋಧನಾ ಕೇಂದ್ರ ಮತ್ತು ಪಶ್ಚಿಮ ಬಂಗಾಳದ ಕಲ್ಯಾಣಿಯಲ್ಲಿರುವ ರಾಷ್ಟ್ರೀಯ ಬಯೋಮೆಡಿಕಲ್ ಜೀನೋಮಿಕ್ಸ್ ಸಂಸ್ಥೆಯ ವಿಜ್ಞಾನಿಗಳು ಕೈಗೆತ್ತಿಕೊಂಡರು. 2013ರಲ್ಲಿ ಫಲಿತಾಂಶ ಪ್ರಕಟವಾಯಿತು. ಟಿಪಿ53, ನಾಚ್1, ಕ್ಯಾಸ್ಪೇಸ್8ರಂಥ ಮೊದಲೇ ಗೊತ್ತಿದ್ದ ಜೀನ್‌ಗಳ ಜೊತೆಗೆ ಐದು ಹೊಸ ಹೆಸರುಗಳು ಬಂದವು. ಅದರಲ್ಲಿ ಒಂದು ಯುಎಸ್‌ಪಿ9ಎಕ್ಸ್. ಈ ಹೆಸರನ್ನು ನೆನಪಿಟ್ಟುಕೊಳ್ಳಿ.

ಒಂದು ಗಡ್ಡೆಯಲ್ಲಿ ಕೆಟ್ಟಿರುವ ಜೀನ್‌ಗಳು ಹತ್ತಾರು, ಕೆಲವೊಮ್ಮೆ ನೂರಾರು. ಎಲ್ಲವೂ ತಪ್ಪಿತಸ್ಥರಲ್ಲ. ಬಸ್ಸಿನಲ್ಲಿ ಐವತ್ತು ಜನ ಇದ್ದರೂ ಸ್ಟೇರಿಂಗ್ ಹಿಡಿದವನು ಒಬ್ಬನೇ. ವಿಜ್ಞಾನಿಗಳೂ ಇವನ್ನು ಡ್ರೈವರ್ ಮ್ಯುಟೇಶನ್, ಪ್ಯಾಸೆಂಜರ್ ಮ್ಯುಟೇಶನ್ ಅಂತಲೇ ಕರೆಯುತ್ತಾರೆ. ಗಡ್ಡೆಯನ್ನು ಎಷ್ಟು ಸಲ ಓದಿದರೂ ಯಾರು ಡ್ರೈವರ್ ಅನ್ನುವುದು ಖಚಿತವಾಗಿ ತಿಳಿಯುವುದಿಲ್ಲ. ಒಂದು ಜೀನ್ ಜಾಸ್ತಿ ರೋಗಿಗಳಲ್ಲಿ ಕೆಟ್ಟಿದೆ ಎಂದರೆ ಅದರ ಮೇಲೆ ಅನುಮಾನ ಬಲವಾಗುತ್ತದೆ, ಅಷ್ಟೇ. ಸಾಬೀತು ಮಾಡಬೇಕಾದರೆ ಆರೋಗ್ಯವಂತ ದೇಹದಲ್ಲಿ ಆ ಒಂದು ಜೀನನ್ನು ಮಾತ್ರ ಕೆಡಿಸಿ ನೋಡಬೇಕು. ಮನುಷ್ಯರಲ್ಲಿ ಅದನ್ನು ಮಾಡುವ ಮಾತೇ ಇಲ್ಲ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಕ್ಕೆ ರಕ್ತನಾಳ ಇಲ್ಲ, ರೋಗನಿರೋಧಕ ಶಕ್ತಿ ಇಲ್ಲ, ಗಡ್ಡೆ ಲಿವರ್‌ಗೋ ಶ್ವಾಸಕೋಶಕ್ಕೋ ಹರಡುವುದಕ್ಕೆ ದಾರಿಯೂ ಇಲ್ಲ. ಆಗ ಉಳಿಯುವುದು ಇಲಿ. ಇಪ್ಪತ್ತೈದು ಗ್ರಾಂ ತೂಕ, ಮೂರು ವಾರದ ಬಸಿರು, ಎರಡು-ಮೂರು ವರ್ಷದ ಆಯಸ್ಸು. 2002ರಲ್ಲಿ ಇಲಿಯ ಜೀನೋಮ್, ಅಂದರೆ ಅದರ ಇಡೀ ಡಿಎನ್‌ಎ, ಓದಿ ಪ್ರಕಟಿಸಿದಾಗ ಅದರ ಜೀನ್‌ಗಳಲ್ಲಿ ಸುಮಾರು ಶೇ 99ಕ್ಕೆ ಮನುಷ್ಯರಲ್ಲಿ ಹೋಲುವ ಜೀನ್ ಇದೆ ಎಂದು ಕಂಡುಬಂತು.

ಇಲಿ ಮತ್ತು ಕ್ಯಾನ್ಸರ್ ನಂಟು ಜೀನ್ ತಿದ್ದುವ ಕಾಲಕ್ಕಿಂತ ಹಳೆಯದು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಗ್ರ್ಯಾನ್‌ಬಿ ಎಂಬ ಊರಿನಲ್ಲಿ ಆ್ಯಬಿ ಲ್ಯಾಥ್ರಾಪ್ ಎಂಬ ಮಹಿಳೆ ಸಾಕುವವರಿಗಾಗಿ ಇಲಿಗಳನ್ನು ಬೆಳೆಸಿ ಮಾರುತ್ತಿದ್ದರು. ಮೊದಲು ಶಾಲಾ ಶಿಕ್ಷಕಿಯಾಗಿದ್ದವರು. ತಮ್ಮ ಕೆಲವು ಇಲಿಗಳ ಮೈಮೇಲೆ ಗಂಟು ಏಳುತ್ತಿರುವುದನ್ನು ಗಮನಿಸಿ, ಸುಮ್ನೆ ಬಿಡದೆ ವಿಜ್ಞಾನಿ ಲಿಯೋ ಲೋಬ್ ಜೊತೆ ಸೇರಿ ಅಧ್ಯಯನ ಮಾಡಿದರು. ಕ್ಯಾನ್ಸರ್ ಬರುವ ಪ್ರಮಾಣ ಇಲಿಗಳ ಒಂದೊಂದು ವಂಶದಲ್ಲಿ ಒಂದೊಂದು ರೀತಿ ಇದೆ ಎಂದು ಇಬ್ಬರೂ ಸೇರಿ ಬರೆದರು. ಲ್ಯಾಥ್ರಾಪ್ ಫಾರ್ಮಿನ ಇಲಿಗಳಿಂದಲೇ ತಳಿವಿಜ್ಞಾನಿ ಕ್ಲಾರೆನ್ಸ್ ಕುಕ್ ಲಿಟ್ಲ್ 1921ರಲ್ಲಿ ಸಿ57 ಕಪ್ಪು ಇಲಿಯ ತಳಿ ಬೆಳೆಸಿದರು. ಇವತ್ತಿಗೂ ಜಗತ್ತಿನ ಲ್ಯಾಬ್‌ಗಳಲ್ಲಿ ಅತಿ ಹೆಚ್ಚು ಬಳಕೆಯಾಗುವ ತಳಿಗಳಲ್ಲಿ ಅದು ಒಂದು. 1929ರಲ್ಲಿ ಇಲಿ ಸಂಶೋಧನೆಗೆ ಹೆಸರಾದ ಜಾಕ್ಸನ್ ಲ್ಯಾಬೊರೇಟರಿ ಕಟ್ಟಿದವರೂ ಲಿಟ್ಲ್. ಲ್ಯಾಥ್ರಾಪ್ ಹೆಸರು ಮಾತ್ರ ಬಹಳ ಕಾಲ ಮರೆಯಲ್ಲೇ ಉಳಿಯಿತು. ಇದು ನ್ಯಾಯವಲ್ಲ.

ಜೀನ್ ಸೇರಿಸಿ ಇಲಿಗೆ ಕ್ಯಾನ್ಸರ್ ತರಿಸಿದ್ದು 1980ರ ದಶಕದಲ್ಲಿ. ಆ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಆಗತಾನೇ ಫಲಿತವಾದ ಅಂಡಾಣುವನ್ನು ಹೆಣ್ಣಿಲಿಯಿಂದ ತೆಗೆದು ಮೈಕ್ರೋಸ್ಕೋಪಿನ ಕೆಳಗೆ ಇಡುತ್ತಾರೆ. ಎಡಗಡೆಯಿಂದ ಮೊಂಡು ತುದಿಯ ಗಾಜಿನ ಕೊಳವೆಯೊಂದು ಬಂದು ಅಂಡಾಣುವನ್ನು ಮೆಲ್ಲಗೆ ಹೀರಿ ಹಿಡಿದುಕೊಳ್ಳುತ್ತದೆ. ಒಳಗೆ ಎರಡು ಗುಂಡನೆಯ ಚುಕ್ಕೆಗಳು ಕಾಣುತ್ತವೆ. ಒಂದು ತಾಯಿಯದು, ಒಂದು ತಂದೆಯದು. ಎರಡೂ ಇನ್ನೂ ಒಂದಾಗಿಲ್ಲ. ಬಲಗಡೆಯಿಂದ ಕೂದಲಿಗಿಂತ ಸಣ್ಣ ಗಾಜಿನ ಸೂಜಿ ಒಳಹೊಕ್ಕು ತಂದೆಯ ಚುಕ್ಕೆಯೊಳಗೆ ಡಿಎನ್‌ಎ ಬಿಡುತ್ತದೆ. ಚುಕ್ಕೆ ತುಸು ಉಬ್ಬಿದರೆ ಕೆಲಸ ಆಯಿತೆಂದು ಅರ್ಥ. ಸೂಜಿ ಎಳೆದುಕೊಳ್ಳುವಾಗ ಕೆಲವು ಅಂಡಾಣುಗಳು ಒಡೆದೇ ಹೋಗುತ್ತವೆ. ಉಳಿದವನ್ನು ಇನ್ನೊಂದು ಹೆಣ್ಣಿಲಿಯ ಗರ್ಭಕ್ಕೆ ಸೇರಿಸುತ್ತಾರೆ. ಆ ಹೆಣ್ಣನ್ನು ಮೊದಲೇ ಸಂತಾನಹರಣ ಆಪರೇಷನ್ ಆದ ಗಂಡಿನ ಜೊತೆ ಬಿಟ್ಟಿರುತ್ತಾರೆ, ದೇಹ ಬಸಿರಿಗೆ ಸಿದ್ಧವಾಗಲಿ ಎಂದು. ಮೂರು ವಾರದ ನಂತರ ಮರಿ ಹುಟ್ಟುತ್ತವೆ. ಬಾಲದ ತುದಿಯ ಅಥವಾ ಕಿವಿಯ ಚೂರು ತೆಗೆದು ಪಿಸಿಆರ್ ಎಂಬ ಡಿಎನ್‌ಎ ಪರೀಕ್ಷೆ ಮಾಡಿ, ಯಾವ ಮರಿಯಲ್ಲಿ ಜೀನ್ ಕೂತಿದೆ ನೋಡುತ್ತಾರೆ. ಬಹಳಷ್ಟು ಮರಿಗಳಲ್ಲಿ ಅದು ಇರುವುದೇ ಇಲ್ಲ.

1984ರಲ್ಲಿ ಹಾರ್ವರ್ಡ್‌ನ ಫಿಲಿಪ್ ಲೆಡರ್ ಮತ್ತು ತಿಮೋತಿ ಸ್ಟುವರ್ಟ್ ಹೀಗೇ ಮಿಕ್ ಎಂಬ ಜೀನನ್ನು ಸೇರಿಸಿದರು. ಜೀವಕೋಶ ಬೆಳೆಯುವಂತೆ, ವಿಭಜನೆಯಾಗುವಂತೆ ಒತ್ತಾಯಿಸುವ ಜೀನ್ ಅದು. ಮೊಲೆಯ ಅಂಗಾಂಶದಲ್ಲಿ ಅದು ಸದಾ ಚಾಲೂ ಇರುವಂತೆ ಮಾಡಿದರು. ಹೆಣ್ಣಿಲಿಗಳಿಗೆ ಸ್ತನ ಕ್ಯಾನ್ಸರ್ ಬಂತು. ಒಂದು ಜೀನ್ ಕ್ಯಾನ್ಸರ್‌ಗೆ ಕಾರಣವಾಗಬಲ್ಲದು ಎಂಬುದು ಜೀವಂತ ದೇಹದಲ್ಲಿ ಕಣ್ಣಿಗೆ ಕಾಣುವಂತಾಯಿತು.

ಆದರೆ ಆ ಪ್ರಯೋಗದಲ್ಲಿ ಇನ್ನೊಂದು ಅಂಶ ಇತ್ತು. ನನಗೆ ಅದೇ ಹೆಚ್ಚು ಮುಖ್ಯ. ಆ ಇಲಿಯ ಮೊಲೆಯ ಅಂಗಾಂಶದಲ್ಲೆಲ್ಲ ಮಿಕ್ ಚಾಲೂ ಇತ್ತು. ಹಾಗಿದ್ದರೆ ಎಲ್ಲ ಕಡೆಯೂ ಒಟ್ಟಿಗೆ ಗಡ್ಡೆ ಏಳಬೇಕಿತ್ತು, ಅಲ್ವಾ? ಹಾಗಾಗಲಿಲ್ಲ. ಎಲ್ಲೋ ಒಂದು ಕಡೆ, ತಿಂಗಳುಗಟ್ಟಲೆ ಆದ ಮೇಲೆ, ಗಡ್ಡೆ ಬಂತು. ಅಂದರೆ ಮಿಕ್ ಒಂದೇ ಸಾಲದು, ಬೇರೆ ಏನೋ ಕೆಡಬೇಕು. 1987ರಲ್ಲಿ ಲೆಡರ್ ತಂಡ ಮಿಕ್ ಇಲಿಯನ್ನು ರಾಸ್ ಎಂಬ ಇನ್ನೊಂದು ಕ್ಯಾನ್ಸರ್ ಜೀನ್ ಇರುವ ಇಲಿಯೊಂದಿಗೆ ಕೂಡಿಸಿತು. ಎರಡೂ ಇದ್ದ ಮರಿಗಳಲ್ಲಿ ಗಡ್ಡೆ ಬಹಳ ಬೇಗ, ಬಹಳ ಜಾಸ್ತಿ ಬಂತು. ಆದರೂ ಎಲ್ಲ ಜೀವಕೋಶವೂ ಕ್ಯಾನ್ಸರ್ ಆಗಲಿಲ್ಲ. ಕ್ಯಾನ್ಸರ್ ಒಂದೇ ಏಟಿಗೆ ಬರುವ ರೋಗ ಅಲ್ಲ, ಏಟಿನ ಮೇಲೆ ಏಟು ಬೀಳಬೇಕು ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಕಿರಲಿಲ್ಲ.

ಈ ಇಲಿಗೆ 1988ರ ಏಪ್ರಿಲ್ 12ರಂದು ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿತು. ಪ್ರಾಣಿಯೊಂದಕ್ಕೆ ಸಿಕ್ಕ ಮೊದಲ ಪೇಟೆಂಟ್ ಅದು. ಹಾರ್ವರ್ಡ್ ಅದರ ಹಕ್ಕನ್ನು ಡುಪಾಂಟ್ ಕಂಪನಿಗೆ ಕೊಟ್ಟಿತು. 'ಆಂಕೋಮೌಸ್' ಎಂಬ ಹೆಸರಿನಲ್ಲಿ ಮಾರಾಟವೂ ಆಯಿತು. ಕಂಪನಿ ಹಾಕಿದ ಷರತ್ತುಗಳಿಂದ ವಿಶ್ವವಿದ್ಯಾಲಯಗಳ ಸಂಶೋಧಕರು ಕಂಗೆಟ್ಟರು. ಅಕ್ಕಪಕ್ಕದ ಲ್ಯಾಬ್‌ಗೆ ಇಲಿ ಕೊಡುವುದಕ್ಕೂ ಅಡ್ಡಿ. ಕೆನಡಾದ ಸುಪ್ರೀಂ ಕೋರ್ಟ್ 2002ರಲ್ಲಿ ಐದು-ನಾಲ್ಕರ ಬಹುಮತದಿಂದ ಇಂಥ ಪ್ರಾಣಿಗೆ ಪೇಟೆಂಟ್ ಇಲ್ಲ ಎಂದಿತು. ರೋಗಿಗಳಿಗಾಗಿ ನಡೆಯುವ ಸಂಶೋಧನೆಯ ಮೂಲ ಸಾಮಗ್ರಿಯೇ ಒಬ್ಬರ ಆಸ್ತಿಯಾಗುವುದು ಸರಿಯಲ್ಲ. ಕೆನಡಾದ ತೀರ್ಪು ಸರಿಯಾದದ್ದು ಎಂದೇ ನನ್ನ ಅಭಿಪ್ರಾಯ.

ಜೀನ್ ಸೇರಿಸುವುದು ಒಂದು ದಾರಿ. ಇರುವ ಜೀನನ್ನು ತೆಗೆದುಹಾಕುವುದು ಇನ್ನೊಂದು. ಮಾರಿಯೋ ಕ್ಯಾಪೆಕಿ, ಮಾರ್ಟಿನ್ ಇವಾನ್ಸ್, ಆಲಿವರ್ ಸ್ಮಿತೀಸ್ ಈ 'ನಾಕೌಟ್' ವಿಧಾನಕ್ಕಾಗಿ 2007ರಲ್ಲಿ ನೊಬೆಲ್ ಪಡೆದರು. ಕ್ಯಾನ್ಸರ್ ವಿಷಯದಲ್ಲಿ ಇದು ಬಹಳ ಅಗತ್ಯವಾಗಿತ್ತು. ಯಾಕೆಂದರೆ ಕ್ಯಾನ್ಸರ್ ಬರುವುದು ಬೆಳವಣಿಗೆಗೆ ಒತ್ತಾಯಿಸುವ ಜೀನ್ ಹೆಚ್ಚಾಗಿದ್ದರಿಂದ ಮಾತ್ರವಲ್ಲ, ತಡೆಯುವ ಜೀನ್ ಹಾಳಾಗಿದ್ದರಿಂದಲೂ. ತಡೆಯುವ ಜೀನ್‌ಗಳಲ್ಲಿ ಎಲ್ಲರಿಗೂ ಗೊತ್ತಿರುವುದು ಪಿ53 (ಮೇಲೆ ಬಂದ ಟಿಪಿ53 ಇದೇ). ಮನುಷ್ಯರ ಸುಮಾರು ಅರ್ಧದಷ್ಟು ಕ್ಯಾನ್ಸರ್‌ಗಳಲ್ಲಿ ಅದು ಕೆಟ್ಟಿರುತ್ತದೆ.

1992ರಲ್ಲಿ ಲ್ಯಾರಿ ಡೋನೆಹೋವರ್, ಆ್ಯಲನ್ ಬ್ರ್ಯಾಡ್ಲಿ ಮತ್ತು ಸಂಗಡಿಗರು ಪಿ53 ಇಲ್ಲದ ಇಲಿ ಮಾಡಿದರು. ಇಷ್ಟು ಮುಖ್ಯವಾದ ಜೀನ್ ಇಲ್ಲದೆ ಮರಿ ಹುಟ್ಟುವುದೇ ಇಲ್ಲ ಎಂದು ಹಲವರು ಅಂದುಕೊಂಡಿದ್ದರು. ಮರಿಗಳು ಹುಟ್ಟಿದವು, ನೋಡಲು ಮಾಮೂಲಾಗೇ ಇದ್ದವು. ಆರು ತಿಂಗಳಾಗುವಷ್ಟರಲ್ಲಿ ಹೆಚ್ಚಿನವಕ್ಕೆ ಗಡ್ಡೆ ಬಂತು. ಪಿ53 ಇರುವುದು ದೇಹ ಕಟ್ಟುವುದಕ್ಕಲ್ಲ, ಕಾಯುವುದಕ್ಕೆ ಎಂಬುದು ಒಂದೇ ಪ್ರಯೋಗದಲ್ಲಿ ಸ್ಪಷ್ಟವಾಯಿತು. ಆದರೆ ಹುಟ್ಟಿನಿಂದಲೇ ಪಿ53 ಕೆಟ್ಟಿರುವ ಮನುಷ್ಯರಿಗೆ, ಅಂದರೆ ಲಿ-ಫ್ರೌಮೆನಿ ಸಿಂಡ್ರೋಮ್ ಇರುವ ಕುಟುಂಬಗಳಲ್ಲಿ, ಸ್ತನ ಕ್ಯಾನ್ಸರ್, ಮಿದುಳಿನ ಗಡ್ಡೆ, ಮೂಳೆ-ಸ್ನಾಯುಗಳ ಕ್ಯಾನ್ಸರ್ ಬರುತ್ತವೆ. ಇಲಿಗಳಿಗೆ ಬಂದದ್ದು ಮುಖ್ಯವಾಗಿ ದುಗ್ಧರಸದ ಕ್ಯಾನ್ಸರ್, ಅಂದರೆ ಲಿಂಫೋಮಾ.

ಇದು ಯಾಕೆ ಹೀಗೆ? ಈ ವ್ಯತ್ಯಾಸವನ್ನು 'ಇಲಿ ಪ್ರಯೋಗ ವಿಫಲ' ಅಂತ ಬರೆದು ಪಕ್ಕಕ್ಕಿಡಬಹುದಿತ್ತು. ಕೆಲವರು ಹಾಗೆ ಮಾಡಲಿಲ್ಲ, ಬೆನ್ನು ಹತ್ತಿದರು. ಒಂದು ಉತ್ತರ ವರ್ಣತಂತುಗಳ ತುದಿಯಲ್ಲಿ ಸಿಕ್ಕಿತು. ನಮ್ಮ ಜೀವಕೋಶ ಪ್ರತಿ ಸಲ ವಿಭಜನೆಯಾದಾಗಲೂ ವರ್ಣತಂತುವಿನ ತುದಿ, ಅಂದರೆ ಟೆಲೊಮಿಯರ್, ಸ್ವಲ್ಪ ಸವೆಯುತ್ತದೆ. ಲ್ಯಾಬ್ ಇಲಿಗಳಲ್ಲಿ ಈ ತುದಿ ನಮ್ಮದಕ್ಕಿಂತ ಹಲವು ಪಟ್ಟು ಉದ್ದ. ಅದನ್ನು ದುರಸ್ತಿ ಮಾಡುವ ಕಿಣ್ವವೂ ಹೆಚ್ಚಿನ ಅಂಗಾಂಶಗಳಲ್ಲಿ ಚಾಲೂ ಇರುತ್ತದೆ. ರೊನಾಲ್ಡ್ ಡಿಪಿನ್ಹೋ ತಂಡ ಟೆಲೊಮಿಯರ್ ಸವೆಯುವ, ಜೊತೆಗೆ ಪಿ53 ಅರ್ಧ ಕಳೆದುಕೊಂಡ ಇಲಿಗಳನ್ನು ಬೆಳೆಸಿ 2000ದಲ್ಲಿ ವರದಿ ಮಾಡಿತು. ಆ ಇಲಿಗಳಿಗೆ ವಯಸ್ಸಾದಂತೆ ಮೊಲೆ, ಕರುಳು, ಚರ್ಮದ ಕ್ಯಾನ್ಸರ್ ಬಂತು, ವಯಸ್ಸಾದ ಮನುಷ್ಯರಿಗೆ ಬರುವ ಹಾಗೆ. ತುದಿ ಸವೆದ ವರ್ಣತಂತುಗಳು ಒಂದಕ್ಕೊಂದು ಅಂಟಿಕೊಂಡು ಹರಿದು ಹಂಚಿಹೋಗುವುದು ಮುದಿವಯಸ್ಸಿನ ಕ್ಯಾನ್ಸರ್‌ಗೆ ಒಂದು ಕಾರಣ ಎಂಬುದು ಗೊತ್ತಾಗಿದ್ದು ಹೀಗೆ. ಇಲಿ ನಮ್ಮ ಹಾಗೆಯೇ ಇದ್ದಿದ್ದರೆ ಈ ಪ್ರಶ್ನೆ ಯಾರಿಗೂ ಹೊಳೆಯುತ್ತಿರಲಿಲ್ಲ.

ಇದೇ ಥರದ ಇನ್ನೊಂದು ಕಥೆ ಆರ್‌ಬಿ ಜೀನ್‌ನದ್ದು. ಪುಟ್ಟ ಮಕ್ಕಳ ಕಣ್ಣಿನ ಪಾಪೆಯಲ್ಲಿ ಬೆಳ್ಳಗೆ ಹೊಳಪು ಕಂಡು ಪತ್ತೆಯಾಗುವ ಕ್ಯಾನ್ಸರ್ ರೆಟಿನೋಬ್ಲಾಸ್ಟೋಮಾ. ಜೀನಿನ ಎರಡೂ ಪ್ರತಿ (ತಾಯಿಯಿಂದ ಬಂದದ್ದು, ತಂದೆಯಿಂದ ಬಂದದ್ದು) ಕೆಟ್ಟಾಗ ಅದು ಬರುತ್ತದೆ ಎಂದು 1971ರಲ್ಲಿ ಆಲ್ಫ್ರೆಡ್ ನುಡ್ಸನ್ ಲೆಕ್ಕ ಹಾಕಿ ಹೇಳಿದ್ದರು. 1992ರಲ್ಲಿ ಮೂರು ತಂಡಗಳು ಆ ಜೀನನ್ನು ಇಲಿಯಲ್ಲಿ ಕೆಡಿಸಿದವು. ಎರಡೂ ಪ್ರತಿ ಹೋದ ಭ್ರೂಣಗಳು ಹುಟ್ಟುವ ಮೊದಲೇ ಸತ್ತವು. ಒಂದು ಪ್ರತಿ ಹೋದವು ಬದುಕಿದವು. ಅವುಗಳ ಕಣ್ಣಿಗೆ ಏನೂ ಆಗಲಿಲ್ಲ! ಗಡ್ಡೆ ಬಂದದ್ದು ಮಿದುಳಿನ ಬುಡದ ಪಿಟ್ಯೂಟರಿ ಗ್ರಂಥಿಯಲ್ಲಿ.

ಕಾರಣ ಸ್ಪಷ್ಟವಾಗಲು ಹತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ಆರ್‌ಬಿಗೆ ಪಿ107 ಎಂಬ ಹತ್ತಿರದ ಸಂಬಂಧಿ ಜೀನ್ ಇದೆ. ಇಲಿಯ ಅಕ್ಷಿಪಟಲದಲ್ಲಿ ಆರ್‌ಬಿ ಹೋದ ಕೂಡಲೇ ಪಿ107 ಜಾಸ್ತಿಯಾಗಿ ಅದರ ಕೆಲಸ ವಹಿಸಿಕೊಳ್ಳುತ್ತದೆ. ಮಗುವಿನ ಕಣ್ಣಿನಲ್ಲಿ ಈ ಬದಲಿ ವ್ಯವಸ್ಥೆ ಕೆಲಸ ಮಾಡುವುದಿಲ್ಲ. ಎರಡನ್ನೂ ತೆಗೆದಾಗ ಇಲಿಗೂ ಕಣ್ಣಿನ ಕ್ಯಾನ್ಸರ್ ಬಂತು. ಇಲ್ಲಿಯೂ ಹೊಸ ತಿಳಿವಳಿಕೆಗೆ ದಾರಿಯಾದದ್ದು ಹೊಂದಿಕೆಯಲ್ಲ, ಹೊಂದದೆ ಹೋದದ್ದು. ಈ ಇಲಿಯನ್ನೇ ಚಿಕ್ಕ ಮನುಷ್ಯ ಎಂದು ನಂಬಿ 'ಆರ್‌ಬಿಗೂ ಕಣ್ಣಿನ ಕ್ಯಾನ್ಸರ್‌ಗೂ ಸಂಬಂಧ ಇಲ್ಲ' ಅಂದಿದ್ದರೆ ಎಷ್ಟು ದೊಡ್ಡ ತಪ್ಪಾಗುತ್ತಿತ್ತು ಯೋಚಿಸಿ.

ಬಿಆರ್‌ಸಿಎ1 ಜೀನಿನಲ್ಲೂ ಇದೇ ತೊಡಕು. ಮನುಷ್ಯರಲ್ಲಿ ಇದರ ಒಂದು ಪ್ರತಿ ಕೆಟ್ಟು ಹುಟ್ಟಿದ ಹೆಣ್ಣುಮಕ್ಕಳಿಗೆ ಸ್ತನ, ಅಂಡಾಶಯದ ಕ್ಯಾನ್ಸರ್ ಅಪಾಯ ಬಹಳ ಜಾಸ್ತಿ. ಇಲಿಯಲ್ಲಿ ಒಂದು ಪ್ರತಿ ತೆಗೆದರೆ ಏನೂ ಆಗಲಿಲ್ಲ, ಎರಡೂ ತೆಗೆದರೆ ಭ್ರೂಣವೇ ಉಳಿಯಲಿಲ್ಲ. ಆಗ ಬೇಕಾದದ್ದು ಇಡೀ ದೇಹದಲ್ಲಲ್ಲ, ಒಂದು ಅಂಗದಲ್ಲಿ ಮಾತ್ರ, ನಾವು ಹೇಳಿದಾಗ ಮಾತ್ರ ಜೀನ್ ತೆಗೆಯುವ ಉಪಾಯ. ಅದು ಬ್ಯಾಕ್ಟೀರಿಯಾಕ್ಕೆ ತಗಲುವ ಪಿ1 ಎಂಬ ವೈರಸ್‌ನಿಂದ ಬಂತು. ಆ ವೈರಸ್‌ನಲ್ಲಿ ಕ್ರೆ ಎಂಬ ಕಿಣ್ವ ಇದೆ. ಲಾಕ್ಸ್-ಪಿ ಎಂಬ 34 ಅಕ್ಷರಗಳ ಡಿಎನ್‌ಎ ಗುರುತು ಎರಡು ಕಡೆ ಇದ್ದರೆ ನಡುವಿನ ಭಾಗವನ್ನು ಅದು ಕತ್ತರಿಸಿ ತೆಗೆಯುತ್ತದೆ. ಬಿಆರ್‌ಸಿಎ1ರ ಆಚೆ ಈಚೆ ಈ ಗುರುತು ಇಟ್ಟು, ಮೊಲೆಯ ಜೀವಕೋಶದಲ್ಲಿ ಮಾತ್ರ ಕ್ರೆ ಬರುವಂತೆ ಮಾಡಿದರೆ ಮೊಲೆಯಲ್ಲಿ ಮಾತ್ರ ಜೀನ್ ಹೋಗುತ್ತದೆ. ಇಲಿ ಬದುಕುತ್ತದೆ, ಸ್ತನ ಕ್ಯಾನ್ಸರ್ ಬರುತ್ತದೆ. ನೆದರ್ಲೆಂಡ್ಸ್‌ನ ಕ್ಯಾನ್ಸರ್ ಸಂಸ್ಥೆಯ ತಂಡ ಇಂಥ ಇಲಿಗಳಿಗೆ ಒಲಾಪರಿಬ್ ಎಂಬ ಕ್ಯಾನ್ಸರ್ ಔಷಧ ಕೊಟ್ಟು 2008ರಲ್ಲಿ ವರದಿ ಮಾಡಿತು. ಗಡ್ಡೆ ಚೆನ್ನಾಗಿ ಕುಗ್ಗಿತು, ಆಮೇಲೆ ಮತ್ತೆ ಬೆಳೆಯಿತು. ಯಾಕೆ ಬೆಳೆಯಿತು ಎಂದು ಹುಡುಕಿದಾಗ ಔಷಧವನ್ನು ಜೀವಕೋಶದಿಂದ ಹೊರಗೆ ತಳ್ಳುವ ಪಂಪೊಂದು ಹೆಚ್ಚಾಗಿತ್ತು. ಒಲಾಪರಿಬ್‌ಗೆ ಅಮೆರಿಕದಲ್ಲಿ ಮೊದಲ ಅನುಮತಿ ಸಿಕ್ಕಿದ್ದು 2014ರಲ್ಲಿ. ಅದಕ್ಕೆ ಆರು ವರ್ಷ ಮೊದಲೇ ಗಡ್ಡೆ ಹೇಗೆ ತಪ್ಪಿಸಿಕೊಳ್ಳಬಹುದು ಎಂಬ ಒಂದು ಸುಳಿವನ್ನು ಇಲಿ ಕೊಟ್ಟಿತ್ತು.

ಈಗ ಔಷಧದ ವಿಷಯಕ್ಕೆ ಬರೋಣ. ಇಲ್ಲಿ ನಾವು ಜಾಗ್ರತೆಯಾಗಿರಬೇಕು.

ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರ್, ಅಂದರೆ ಪ್ಯಾಂಕ್ರಿಯಾಸ್ ಕ್ಯಾನ್ಸರ್, ಅತಿ ಕ್ರೂರವಾದವುಗಳಲ್ಲಿ ಒಂದು. 2005ರಲ್ಲಿ ಸುನಿಲ್ ಹಿಂಗೋರಾಣಿ, ಡೇವಿಡ್ ಟುವೆಸನ್ ಮತ್ತು ಸಂಗಡಿಗರು ಕೆಪಿಸಿ ಎಂಬ ಇಲಿ ಮಾಡಿದರು. ಕೆ ಅಂದರೆ ಕೆರಾಸ್ ಎಂಬ ಕ್ಯಾನ್ಸರ್ ಜೀನ್, ಪಿ ಅಂದರೆ ಪಿ53, ಸಿ ಅಂದರೆ ಕ್ರೆ. ಮನುಷ್ಯರ ಈ ಕ್ಯಾನ್ಸರ್‌ನಲ್ಲಿ ಕೆಡುವ ಎರಡು ಜೀನ್‌ಗಳು ಪ್ಯಾಂಕ್ರಿಯಾಸ್‌ನಲ್ಲಿ ಮಾತ್ರ ಕೆಡುತ್ತವೆ. ಬಂದ ಗಡ್ಡೆ ರೋಗಿಗಳ ಗಡ್ಡೆಯನ್ನು ಬಹಳ ಹೋಲುತ್ತಿತ್ತು. ಲಿವರ್‌ಗೆ, ಶ್ವಾಸಕೋಶಕ್ಕೆ ಹರಡುತ್ತಿತ್ತು. ಜೆಮ್‌ಸಿಟಾಬಿನ್ ಎಂಬ ಕೀಮೋ ಔಷಧಕ್ಕೆ ಬಗ್ಗುತ್ತಿರಲಿಲ್ಲ. ಬೇರೆ ಇಲಿಗಳ ಚರ್ಮದಡಿಗೆ ಕ್ಯಾನ್ಸರ್ ಜೀವಕೋಶ ಚುಚ್ಚಿ ಬೆಳೆಸಿದ ಗಡ್ಡೆಗಳು ಅದೇ ಔಷಧಕ್ಕೆ ಕುಗ್ಗುತ್ತಿದ್ದವು. ಹಾಗಾಗಿ ಕೆಪಿಸಿ ಇಲಿ ಮೇಲೆ ಎಲ್ಲರಿಗೂ ಭರವಸೆ ಬಂತು.

2009ರಲ್ಲಿ ಟುವೆಸನ್ ತಂಡ ಔಷಧ ಯಾಕೆ ನಾಟುವುದಿಲ್ಲ ಎಂದು ಈ ಇಲಿಯಲ್ಲಿ ನೋಡಿತು. ಗಡ್ಡೆಯ ಸುತ್ತ ನಾರಿನಂಥ ಗಟ್ಟಿ ಅಂಗಾಂಶ ದಟ್ಟವಾಗಿ ತುಂಬಿಕೊಂಡಿತ್ತು. ಕ್ಯಾನ್ಸರ್ ಜೀವಕೋಶಗಳು ಅದರ ನಡುವೆ ಅಲ್ಲಲ್ಲಿ ದ್ವೀಪಗಳಂತೆ ಚದುರಿದ್ದವು. ರಕ್ತನಾಳಗಳು ಬಹಳ ಕಡಿಮೆ, ಇದ್ದವೂ ಸರಿಯಾಗಿ ಹರಿಯುತ್ತಿರಲಿಲ್ಲ. ರಕ್ತ ತಲುಪದ ಕಡೆ ಔಷಧ ಹೇಗೆ ತಲುಪುತ್ತದೆ? ಆ ನಾರಿನ ಅಂಗಾಂಶಕ್ಕೆ ಪೋಷಣೆ ಕೊಡುವ ಹೆಡ್ಜ್‌ಹಾಗ್ ಎಂಬ ಸಂಕೇತ ಸರಣಿಯನ್ನು ಐಪಿಐ-926 ಎಂಬ ಔಷಧದಿಂದ ತಡೆದರು. ನಾರು ಕಡಿಮೆಯಾಯಿತು, ರಕ್ತನಾಳ ಹೆಚ್ಚಿತು, ಜೆಮ್‌ಸಿಟಾಬಿನ್ ಒಳಹೊಕ್ಕಿತು, ಇಲಿಗಳು ಹೆಚ್ಚು ದಿನ ಬದುಕಿದವು. ತರ್ಕಕ್ಕೆ ಎಲ್ಲವೂ ಸರಿಯಾಗಿ ಕೂತಿತ್ತು.

ಅದೇ ಜೋಡಿ ಔಷಧವನ್ನು ರೋಗಿಗಳಿಗೆ ಕೊಟ್ಟು ನೋಡಿದ ಟ್ರಯಲ್ 2012ರಲ್ಲಿ ಅರ್ಧಕ್ಕೇ ನಿಂತಿತು. ಹೊಸ ಔಷಧ ತೆಗೆದುಕೊಂಡವರು ಜೆಮ್‌ಸಿಟಾಬಿನ್ ಮಾತ್ರ ತೆಗೆದುಕೊಂಡವರಿಗಿಂತ ಬೇಗ ತೀರಿಕೊಳ್ಳುತ್ತಿದ್ದರು.

ಈ ಸಾಲನ್ನು ಬರೆಯುವಾಗ ಕೈ ತಡೆಯುತ್ತದೆ. ಆ ಟ್ರಯಲ್‌ಗೆ ಸೇರಿದವರು ಭರವಸೆಯಿಂದ ಸೇರಿದವರು. ಅವರ ಋಣ ತೀರುವುದು ಉತ್ತರವನ್ನು ಹುಡುಕಿ ಮುಗಿಸಿದಾಗಲೇ. 2014ರಲ್ಲಿ ಎರಡು ಬೇರೆ ಬೇರೆ ತಂಡಗಳು ಮತ್ತೆ ಜೀನ್ ತಿದ್ದಿದ ಇಲಿಗಳಿಗೇ ಹೋದವು. ಆ ನಾರಿನ ಅಂಗಾಂಶವನ್ನು ಆರಂಭದಿಂದಲೇ ಕಡಿಮೆ ಮಾಡಿ ದೀರ್ಘಕಾಲ ನೋಡಿದಾಗ, ಗಡ್ಡೆ ಇನ್ನಷ್ಟು ಆಕ್ರಮಣಕಾರಿಯಾಯಿತು. ಔಷಧಕ್ಕೆ ಅಡ್ಡ ನಿಂತಿದ್ದ ಅದೇ ಗೋಡೆ ಕ್ಯಾನ್ಸರ್ ಹರಡದಂತೆಯೂ ತಡೆ ಹಿಡಿದಿತ್ತು. ಹೀಗೆ ಒಂದೇ ಬಗೆಯ ಇಲಿ ಒಮ್ಮೆ ದಾರಿ ತಪ್ಪಿಸಿತು, ಇನ್ನೊಮ್ಮೆ ದಾರಿ ತಪ್ಪಿದ್ದೆಲ್ಲಿ ಎಂದು ತೋರಿಸಿತು. ಮೊದಲನೇ ಸಲ ಕೇಳಿದ್ದು 'ಔಷಧ ಕೊಟ್ಟರೆ ಕೆಲವು ವಾರ ಹೆಚ್ಚು ಬದುಕುತ್ತದೆಯೇ' ಎಂದು. ಎರಡನೇ ಸಲ ಕೇಳಿದ್ದು 'ಈ ಅಂಗಾಂಶದ ಕೆಲಸ ಏನು' ಎಂದು. ಎರಡನೆಯದೇ ಮೊದಲು ಕೇಳಬೇಕಿದ್ದ ಪ್ರಶ್ನೆ.

ಇಲಿಯ ಮಾತು ಪೂರ್ತಿ ಫಲಿಸಿದ ಕ್ಯಾನ್ಸರ್ ಕೂಡ ಇದೆ. ಎಪಿಎಲ್ ಎಂಬ ರಕ್ತದ ಕ್ಯಾನ್ಸರ್‌ನಲ್ಲಿ ಎರಡು ವರ್ಣತಂತುಗಳು ಮುರಿದು ಕೂಡಿಕೊಂಡು ಪಿಎಮ್‌ಎಲ್-ರಾರ ಎಂಬ ಹೊಸ ಜೀನ್ ಹುಟ್ಟುತ್ತದೆ. ಅದನ್ನು ಸೇರಿಸಿದ ಇಲಿಗಳಿಗೂ ಅದೇ ರೋಗ ಬಂತು. ಎ ವಿಟಮಿನ್‌ಗೆ ಸೇರಿದ ರೆಟಿನಾಯಿಕ್ ಆಮ್ಲ ಮತ್ತು ಆರ್ಸೆನಿಕ್ ಎರಡನ್ನೂ ಜೊತೆಯಾಗಿ ಕೊಟ್ಟರೆ ರೋಗ ಬುಡಸಮೇತ ಹೋಗುತ್ತದೆ ಎಂದು 1999ರಲ್ಲಿ ಇಲಿಗಳಲ್ಲಿ ಕಂಡುಬಂತು. ಕೀಮೋ ಇಲ್ಲದೆ ಇವೆರಡೇ ಸಾಕು ಎಂದು ದೊಡ್ಡ ಟ್ರಯಲ್‌ನಲ್ಲಿ ತೋರಿದ್ದು 2013ರಲ್ಲಿ. ಇಲ್ಲಿ ಯಾಕೆ ಫಲಿಸಿತು, ಪ್ಯಾಂಕ್ರಿಯಾಸ್‌ನಲ್ಲಿ ಯಾಕೆ ಇಲ್ಲ? ಎಪಿಎಲ್ ಬಹುಮಟ್ಟಿಗೆ ಒಂದೇ ಜೀನಿನ ರೋಗ. ಔಷಧ ನಾಟುವುದೂ ನೇರವಾಗಿ ಆ ಜೀನಿನ ಪ್ರೋಟೀನಿಗೇ. ಇಲಿಯಲ್ಲಿರಲಿ ಮನುಷ್ಯರಲ್ಲಿರಲಿ ಗುರಿ ಒಂದೇ. ಪ್ಯಾಂಕ್ರಿಯಾಸ್‌ನಲ್ಲಿ ಔಷಧದ ಗುರಿ ಸುತ್ತಲಿನ ಅಂಗಾಂಶ, ವಯಸ್ಸು, ರೋಗನಿರೋಧಕ ಶಕ್ತಿ ಎಲ್ಲದರ ಜೊತೆ ತಳುಕು ಹಾಕಿಕೊಂಡಿತ್ತು. ಕೆಪಿಸಿ ಇಲಿಯಲ್ಲಿ ಜೀನ್ ಕೆಡುವುದು ಭ್ರೂಣದಲ್ಲೇ. ನಮ್ಮಲ್ಲಿ ಅದು ದಶಕಗಳ ಕೆಲಸ.

ಲ್ಯಾಬ್ ಇಲಿಯ ಬದುಕೂ ವಿಚಿತ್ರ. ಅದು ರೋಗಾಣುಗಳೇ ಇಲ್ಲದ ಶುದ್ಧ ಪಂಜರದಲ್ಲಿ ಬೆಳೆಯುತ್ತದೆ. ಕೊಠಡಿ ಸಾಮಾನ್ಯವಾಗಿ 22 ಡಿಗ್ರಿಯ ಆಸುಪಾಸು. ನಮಗೆ ಹಿತ, ಇಲಿಗೆ ಚಳಿ. ಇಲಿಗೆ ಹಿತವಾದದ್ದು 30 ಡಿಗ್ರಿ. ಅಮೆರಿಕದ ರಾಸ್‌ವೆಲ್ ಪಾರ್ಕ್ ಕ್ಯಾನ್ಸರ್ ಕೇಂದ್ರದವರು 2013ರಲ್ಲಿ ಬರೀ ಕೊಠಡಿಯ ತಾಪವನ್ನು 30ಕ್ಕೆ ಏರಿಸಿ ನೋಡಿದರು. ಗಡ್ಡೆಗಳು ನಿಧಾನವಾಗಿ ಬೆಳೆದವು, ರೋಗನಿರೋಧಕ ಜೀವಕೋಶಗಳು ಹೆಚ್ಚು ಚುರುಕಾದವು. ಚಳಿಯಲ್ಲಿ ಇಟ್ಟ ಇಲಿಯಿಂದ ಬಂದ ಸಂಖ್ಯೆಗಳನ್ನು ಎಷ್ಟು ವರ್ಷ ನಂಬಿಕೊಂಡು ಬಂದಿದ್ದೇವೆ!

ಇನ್ನು ಇಲಿಗಳ ಪ್ರಾಣದ ಪ್ರಶ್ನೆ. ಇದನ್ನು ಹಾರಿಸಿ ಹೋಗಲು ನನಗೆ ಮನಸ್ಸಿಲ್ಲ. ಭಾರತದಲ್ಲಿ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಅಡಿಯ ಸಮಿತಿ ಇದೆ, ಪ್ರತಿ ಸಂಸ್ಥೆಯಲ್ಲೂ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಆದರೆ ಕೆಪಿಸಿ ಇಲಿಯ ಲೆಕ್ಕ ನೋಡಿ. ಮೂರು ಬದಲಾವಣೆಗಳೂ ಒಂದೇ ಮರಿಗೆ ಬರಬೇಕು. ಪ್ರತಿಯೊಂದಕ್ಕೂ ಅರ್ಧದಷ್ಟೇ ಸಾಧ್ಯತೆ. ಎಂಟು ಮರಿ ಹುಟ್ಟಿದರೆ ಸರಾಸರಿ ಒಂದೇ ಬೇಕಾದ ಮರಿ. ಕೆಲವನ್ನು ಹೋಲಿಕೆಗೆ ಇಟ್ಟುಕೊಳ್ಳುತ್ತಾರೆ, ಉಳಿದವನ್ನು ಕೊಲ್ಲಲಾಗುತ್ತದೆ. ಇದನ್ನು ಕಡಿಮೆ ಮಾಡುವ ದಾರಿ ಜೀನ್ ಕತ್ತರಿಸಿ ತಿದ್ದುವ ಕ್ರಿಸ್ಪರ್ ತಂತ್ರದಿಂದ ತೆರೆದಿದೆ. 2014ರಿಂದ ಈಚೆಗೆ ಹಲವು ತಂಡಗಳು ಬೆಳೆದ ಇಲಿಯ ಲಿವರ್‌ನಲ್ಲೋ ಶ್ವಾಸಕೋಶದಲ್ಲೋ ನೇರವಾಗಿ ಜೀನ್ ಕೆಡಿಸಿ ಗಡ್ಡೆ ತರಿಸಿವೆ. ತಲೆಮಾರುಗಟ್ಟಲೆ ಕೂಡಿಸುವ ಅಗತ್ಯ ಬೀಳುವುದಿಲ್ಲ. ಭ್ರೂಣದ ಬದಲು ಬೆಳೆದ ದೇಹದಲ್ಲಿ ಕ್ಯಾನ್ಸರ್ ಶುರುವಾಗುತ್ತದೆ ಎಂಬ ಲಾಭವೂ ಇದೆ.

ಹಾಗಾಗಿ ಎಫ್‌ಡಿಎ ಹೇಳಿದ್ದನ್ನು ನಾನು ಸ್ವಾಗತಿಸುತ್ತೇನೆ, ಆದರೆ ಅದು ಯಾವ ಕೆಲಸದ ಬಗ್ಗೆ ಹೇಳಿದ್ದು ಎಂದು ನೋಡಿಕೊಂಡು. ಔಷಧ ಸುರಕ್ಷಿತವೇ, ಎಷ್ಟು ಡೋಸ್ ಎಂಬ ಮಾಮೂಲಿ ಪರೀಕ್ಷೆಗಳಲ್ಲಿ ಮನುಷ್ಯರ ಜೀವಕೋಶದಿಂದ ಬೆಳೆಸಿದ ಪುಟ್ಟ ಅಂಗಾಂಶ, ಅಂದರೆ ಆರ್ಗನಾಯ್ಡ್, ಎಷ್ಟೋ ಕಡೆ ಇಲಿಗಿಂತ ಒಳ್ಳೆಯ ಉತ್ತರ ಕೊಡಬಲ್ಲದು. ಅಲ್ಲಿ ಇಲಿಯನ್ನು ಬಿಡೋಣ. ಆದರೆ ಒಂದು ಜೀನ್ ಇಡೀ ದೇಹದಲ್ಲಿ, ರಕ್ತನಾಳ-ನರ-ರೋಗನಿರೋಧಕ ವ್ಯವಸ್ಥೆಗಳ ನಡುವೆ, ತಿಂಗಳುಗಳ ಉದ್ದಕ್ಕೆ ಏನು ಮಾಡುತ್ತದೆ ಎಂಬುದಕ್ಕೆ ಆರ್ಗನಾಯ್ಡ್ ಇನ್ನೂ ಸಾಲದು. ಎರಡನ್ನೂ ಒಂದೇ ಗಂಟಿಗೆ ಕಟ್ಟಿ ನಿಲ್ಲಿಸಿದರೆ ನಷ್ಟ ರೋಗಿಗಳಿಗೆ.

'ಇಲಿಗಳಲ್ಲಿ ಗುಣ' ಎಂಬ ಸುದ್ದಿ ಮುಂದಿನ ಸಲ ಬಂದಾಗ ಕೇಳಬೇಕಾದದ್ದು ಇಷ್ಟು. ಗಡ್ಡೆ ಅದೇ ಅಂಗದಲ್ಲಿ ತಾನಾಗಿ ಬಂದದ್ದೋ, ಚರ್ಮದಡಿಗೆ ಚುಚ್ಚಿದ್ದೋ? ಇಲಿಗೆ ರೋಗನಿರೋಧಕ ಶಕ್ತಿ ಇತ್ತೋ ಇಲ್ಲವೋ? ಔಷಧ ನಾಟುವುದು ರೋಗದ ಮೂಲ ಜೀನಿಗೋ, ಸುತ್ತಲಿನ ಯಾವುದಕ್ಕೋ? ಎಷ್ಟು ದಿನ ಕಾದು ನೋಡಿದರು? ಇವುಗಳಿಗೆ ಉತ್ತರ ಸಿಗದಿದ್ದರೆ ಅದನ್ನು ರೋಗಿಯ ಮನೆಗೆ ಫಾರ್ವರ್ಡ್ ಮಾಡಬೇಡಿ.

ಯುಎಸ್‌ಪಿ9ಎಕ್ಸ್ ಹೆಸರು ನೆನಪಿದೆಯಲ್ವಾ? ನಮ್ಮ ಕೆನ್ನೆ-ಒಸಡಿನ ಕ್ಯಾನ್ಸರ್‌ನಲ್ಲಿ ಅದು ಸಿಕ್ಕಿದ್ದು 2013ರಲ್ಲಿ. ಅದಕ್ಕೆ ಒಂದು ವರ್ಷ ಮೊದಲು, 2012ರಲ್ಲಿ, ಟುವೆಸನ್ ತಂಡವೂ ಸೇರಿದ್ದ ಗುಂಪೊಂದು ಪ್ಯಾಂಕ್ರಿಯಾಸ್ ಕ್ಯಾನ್ಸರ್ ಇಲಿಗಳಲ್ಲಿ ಎಲ್ಲೆಂದರಲ್ಲಿ ಜಿಗಿದು ಕೂರುವ ಡಿಎನ್‌ಎ ತುಣುಕನ್ನು ಬಿಟ್ಟು, ಯಾವ ಜೀನ್ ಕೆಟ್ಟರೆ ಗಡ್ಡೆ ಬೇಗ ಬೆಳೆಯುತ್ತದೆ ಎಂದು ಹುಡುಕಿತ್ತು. ಮತ್ತೆ ಮತ್ತೆ ಸಿಕ್ಕಿದ್ದು ಇದೇ ಜೀನ್. ಮನುಷ್ಯರ ಪ್ಯಾಂಕ್ರಿಯಾಸ್ ಗಡ್ಡೆಗಳ ಡಿಎನ್‌ಎ ಓದಿದಾಗ ಇದು ಎದ್ದು ಕಂಡಿರಲಿಲ್ಲ. ಇಲಿ ತೋರಿಸಿದ ಮೇಲೆ ರೋಗಿಗಳಲ್ಲಿ ಹುಡುಕಿದರೆ, ಇದರ ಪ್ರೋಟೀನ್ ಕಡಿಮೆ ಇದ್ದವರು ಆಪರೇಷನ್ ನಂತರ ಹೆಚ್ಚು ಕಾಲ ಬದುಕಿರಲಿಲ್ಲ. ಎರಡು ದೂರದ ಅಂಗಗಳು, ಎರಡು ಬೇರೆ ದಾರಿಗಳು, ಒಂದೇ ಜೀನ್.

ಕೆನ್ನೆಯಲ್ಲಿ ಅದು ಏನು ಮಾಡುತ್ತದೆ ಎಂದು ಕೇಳುವ ಕೆಲಸ ಇಲ್ಲಿಯೇ ನಡೆಯಬೇಕು, ಯಾಕೆಂದರೆ ಈ ಕ್ಯಾನ್ಸರ್ ಹೆಚ್ಚಾಗಿ ನಮ್ಮದು. ಬೆಂಗಳೂರಿನ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಶೋಧನಾ ಕೇಂದ್ರದ ಆವರಣದಲ್ಲಿ ಇಲಿಗಳ ಜೀನ್ ತಿದ್ದುವ ಸೌಲಭ್ಯ ಇದೆ. ಬಾಯಿ ಕ್ಯಾನ್ಸರ್‌ಗೆ ಜಗತ್ತಿನ ಲ್ಯಾಬ್‌ಗಳು ಸಾಮಾನ್ಯವಾಗಿ ಬಳಸುವುದು 4ಎನ್‌ಕ್ಯೂಓ ಎಂಬ ರಾಸಾಯನಿಕ. ಅದನ್ನು ಕುಡಿಯುವ ನೀರಿಗೆ ಬೆರೆಸಿದಾಗ ಇಲಿಗೆ ಕ್ಯಾನ್ಸರ್ ಬರುವುದು ಮುಖ್ಯವಾಗಿ ನಾಲಿಗೆಯಲ್ಲಿ, ಅನ್ನನಾಳದಲ್ಲಿ. ಕಡ್ಡಿಪುಡಿ ಇಡುವ ಜಾಗದಲ್ಲಿ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಐಎಆರ್‌ಸಿ 2004ರಲ್ಲಿ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಮಲೆನಾಡಿನ ಬೆಳೆಗಾರರು ಅದನ್ನು ಇನ್ನೂ ಒಪ್ಪಿಲ್ಲ. ಜಗಿಯುವವರಲ್ಲಿ ಬಹಳಷ್ಟು ಮಂದಿಯ ಬಾಯಲ್ಲಿ ಅಡಿಕೆ, ಸುಣ್ಣ, ಹೊಗೆಸೊಪ್ಪು ಎಲ್ಲ ಒಟ್ಟಿಗೇ ಇರುತ್ತವೆ. ಕೆನ್ನೆಯ ಒಳಪದರದಲ್ಲಿ ಮಾತ್ರ ಪಿ53 ಅಥವಾ ಯುಎಸ್‌ಪಿ9ಎಕ್ಸ್ ತೆಗೆದ ಇಲಿಗಳ ಒಂದು ಗುಂಪಿಗೆ ಅಡಿಕೆಯ ಸಾರ, ಇನ್ನೊಂದಕ್ಕೆ ಹೊಗೆಸೊಪ್ಪಿನ ಸಾರ, ಮತ್ತೊಂದಕ್ಕೆ ಎರಡನ್ನೂ ಹಚ್ಚಿ ನೋಡಿದರೆ, ಯಾವುದು ಯಾವ ಜೀನ್ ಕೆಟ್ಟಾಗ ಎಷ್ಟು ಹಾನಿ ಮಾಡುತ್ತದೆ ಎಂದು ಬೇರೆ ಬೇರೆಯಾಗಿ ಕಾಣಬಹುದು. ಕುಲಾಂತರಿ ಇಲಿ ಚೆನ್ನಾಗಿ ಉತ್ತರಿಸಬಲ್ಲ ಪ್ರಶ್ನೆ ಇಂಥದ್ದೇ.